ಹುಟ್ಟುವ ನದಿ, ಬರುವ ನದಿ

2016ರ ಸೆಪ್ಟೆಂಬರ್ 12ರ ಸಂಜೆ ಬೆಂಗಳೂರಿನ ಒಂದು ಬಾಡಿಗೆ ಕೋಣೆಯಲ್ಲಿ ನಾವಿಬ್ಬರು ಬಾಗಿಲು ಹಾಕಿಕೊಂಡು ಕೂತಿದ್ದೆವು. ನಾನು ಮದ್ದೂರು ಕಡೆಯವನು. ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಗೆಳೆಯ ತಂಜಾವೂರು ಕಡೆಯವನು. ಕಾವೇರಿ ನೀರಿನ ವಿಷಯಕ್ಕೆ ಅಂದು ನಗರದಲ್ಲಿ ಗಲಭೆ ಎದ್ದಿತ್ತು. ತಮಿಳುನಾಡಿನ ಹತ್ತಾರು ಬಸ್ಸುಗಳಿಗೆ ಬೆಂಕಿ ಬಿದ್ದಿತ್ತು. ಅತ್ತ ತಮಿಳುನಾಡಿನಲ್ಲಿ ಕನ್ನಡಿಗರ ಹೋಟೆಲು, ಕರ್ನಾಟಕದ ವಾಹನಗಳ ಮೇಲೆ ದಾಳಿ ನಡೆದ ಸುದ್ದಿ ಬರುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಅಪ್ಪನ ಫೋನು ಬಂತು. "ಹುಷಾರಾಗಿದ್ದೀಯೇನ್ಲಾ? ಆಚೆ ಗೀಚೆ ಹೋಗ್ಬ್ಯಾಡ" ಎಂದ. ಆಮೇಲೆ ಮಾತು ಗದ್ದೆಯ ಕಡೆ ಹೊರಳಿತು. "ನಮ್ ಕಡೀಕೆ ನೀರೇ ಬಂದಿಲ್ಲ ಕಣ್ಲಾ. ಇನ್ನೊಂದು ನೀರು ಬಂದಿದ್ರೆ ಪೈರು ಉಳ್ಕೊಳ್ಳೋದು."

ನಾನು ಫೋನು ಇಡುವಷ್ಟರಲ್ಲಿ ಗೆಳೆಯನ ಫೋನು ಸದ್ದು ಮಾಡಿತು. ಅವನ ತಾಯಿ. ಕಿಟಕಿಯ ಪಕ್ಕ ನಿಂತು ಅವನು ತಗ್ಗಿದ ದನಿಯಲ್ಲಿ ತಮಿಳಿನಲ್ಲಿ ಮಾತಾಡತೊಡಗಿದ. ನನಗೆ ಎಲ್ಲವೂ ತಿಳಿಯಲಿಲ್ಲ. ಆದರೆ ಒಂದು ಮಾತನ್ನು ಅವನು ಎರಡು ಮೂರು ಸಲ ಹೇಳಿದ್ದು ಕೇಳಿಸಿತು: "ತಣ್ಣಿ ವರಲೆ." ನೀರು ಬಂದಿಲ್ಲ.

ನಾನು ಎದ್ದುಹೋಗಿ ಕಿಟಕಿ ಮುಚ್ಚಿದೆ.

ಯಾಕೆ ಮುಚ್ಚಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನ ತಮಿಳು ಬೀದಿಗೆ ಕೇಳಿಸಿ ಅವನಿಗೆ ತೊಂದರೆಯಾಗದಿರಲಿ ಎಂದೇ? ಅಥವಾ ಅವನ ಜೊತೆಗಿರುವ ನನಗೆ ತೊಂದರೆಯಾಗದಿರಲಿ ಎಂದೇ? ವರ್ಷಗಳೇ ಕಳೆದರೂ ಆ ಕಿಟಕಿ ನನ್ನ ತಲೆಯಲ್ಲಿ ಉಳಿದುಕೊಂಡಿದೆ. ನೆರೆಯವರನ್ನು ಅರ್ಥಮಾಡಿಕೊಳ್ಳುವುದು ಎಂದರೆ ಏನು ಎಂಬ ಪ್ರಶ್ನೆಯನ್ನು ಪುಸ್ತಕದಲ್ಲಿ ಓದಿದಾಗಲೆಲ್ಲ ನನಗೆ ಆ ಕಿಟಕಿಯೇ ನೆನಪಾಗುತ್ತದೆ.

ಆ ದಿನಗಳಲ್ಲಿ ನಾನು ಸಾಹಿತ್ಯದ ವಿದ್ಯಾರ್ಥಿ. ಕಾಫ್ಕಾನನ್ನು ಓದಿದ್ದೆ, ಕಾಮುವನ್ನು ಓದಿದ್ದೆ. ಮಾರ್ಕ್ವೆಜ್‌ನ ಮಕೊಂಡೋದಲ್ಲಿ ವರ್ಷಗಟ್ಟಲೆ ಸುರಿದ ಮಳೆಯ ಬಗ್ಗೆ ಗೆಳೆಯರ ಮುಂದೆ ಅರ್ಧ ಗಂಟೆ ಮಾತಾಡಬಲ್ಲವನಾಗಿದ್ದೆ. ಆದರೆ ತಂಜಾವೂರಿನಲ್ಲಿ ಮಳೆ ಯಾವ ತಿಂಗಳು ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಎರಡು ವರ್ಷ ಮಲಗಿ ಎದ್ದವನ ಊರಿನ ಮಳೆಗಾಲ ನನಗೆ ತಿಳಿಯದು. ಅಟ್ಲಾಂಟಿಕ್‌ನ ಆಚೆಯ ಇಲ್ಲದ ಊರೊಂದರ ಮಳೆ ತಿಳಿದಿದೆ!

ಇದು ನನ್ನೊಬ್ಬನ ಕತೆ ಎಂದು ನನಗನ್ನಿಸುವುದಿಲ್ಲ. ಜಾಗತೀಕರಣದ ಕಾಲ ದೂರವನ್ನು ಹತ್ತಿರ ಮಾಡಿತು ಎನ್ನುತ್ತೇವೆ. ದೂರವನ್ನೇನೋ ಹತ್ತಿರ ಮಾಡಿದೆ, ಆದರೆ ಹತ್ತಿರದ್ದು ಎಲ್ಲಿತ್ತೋ ಅಲ್ಲೇ ಇದೆ. ಪೆರುಮಾಳ್ ಮುರುಗನ್ ಅವರ ಕಾದಂಬರಿ 2023ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಟ್ಟಿಯಲ್ಲಿ ಕಾಣಿಸಿಕೊಂಡಾಗ ನಮ್ಮಲ್ಲಿ ಹಲವರು ಆ ಹೆಸರನ್ನು ಮೊದಲ ಸಲ ಕೇಳಿದರು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅದೇ ಬಹುಮಾನ ಬಂದಾಗ ತಮಿಳು ಓದುಗರಲ್ಲಿಯೂ ಹಲವರಿಗೆ ಹಾಗೇ ಆಗಿರಬೇಕು. ಹೊಸೂರಿನ ಗಡಿ ದಾಟಿದರೆ ಸಿಗುವವರ ಸುದ್ದಿ ಲಂಡನ್ ಸುತ್ತಿ ಬರಬೇಕು. ಪಕ್ಕದ ಮನೆಯವರ ಕ್ಷೇಮವನ್ನು ಪೇಟೆಯ ಸಂಬಂಧಿಕರಿಂದ ಕೇಳಿ ತಿಳಿದ ಹಾಗೆ.

ದೂರದವರು ಸುಲಭವಾಗಿ ಅರ್ಥವಾಗುವುದಕ್ಕೆ ಒಂದು ಸರಳ ಕಾರಣವಿದೆ. ಅವರು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಮಕೊಂಡೋದವರು ನಮ್ಮ ಅಣೆಕಟ್ಟಿನ ನೀರು ಕೇಳುವುದಿಲ್ಲ. ಅವರ ದುಃಖಕ್ಕೆ ಮರುಗುವುದಕ್ಕೆ ಖರ್ಚಿಲ್ಲ. ನೆರೆಯವರ ಮಾತು ಹಾಗಲ್ಲ. ಅವರ ದುಃಖಕ್ಕೂ ನಮ್ಮ ದುಃಖಕ್ಕೂ ಮೂಲ ಒಂದೇ ಇರಬಹುದು. ಅವರ ದುಃಖವನ್ನು ಒಪ್ಪಿಕೊಂಡರೆ ನಮ್ಮ ಪಾಲಿನಿಂದ ಏನನ್ನಾದರೂ ಕೊಡಬೇಕಾಗಿ ಬರಬಹುದು. ಆದ್ದರಿಂದ ನೆರೆಯವರ ವಿಷಯದಲ್ಲಿ ತಿಳಿಯದಿರುವುದೇ ಲಾಭ.

ಇನ್ನೊಂದು ತೊಡಕೂ ಇದೆ. ನೆರೆಯವರು ನಮಗೆ ಈಗಾಗಲೇ ಗೊತ್ತು ಎಂದುಕೊಂಡಿರುತ್ತೇವೆ. ಅವರ ಪಾಲು ನಮ್ಮ ಹಾಲು, ಅವರ ಪುಲಿ ನಮ್ಮ ಹುಲಿ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ ಎನ್ನುತ್ತಿದ್ದೆವು. ಸಿನಿಮಾದಲ್ಲಿ ಅವರನ್ನು ನೋಡಿದ್ದೇವೆ, ಅವರ ಸಾಂಬಾರಿನ ರುಚಿ ಗೊತ್ತು. ಇಷ್ಟು ಹೋಲಿಕೆಯಿರುವಾಗ ಉಳಿದ ಸಣ್ಣ ವ್ಯತ್ಯಾಸಗಳು ವ್ಯತ್ಯಾಸಗಳಾಗಿ ಕಾಣುವುದಿಲ್ಲ, ತಪ್ಪುಗಳಾಗಿ ಕಾಣುತ್ತವೆ. ಅಕ್ಕಪಕ್ಕದ, ಒಂದೇ ತೆರನಾದ ಜನಗಳೇ ಒಬ್ಬರನ್ನೊಬ್ಬರು ಹೆಚ್ಚು ಹೀಗಳೆಯುವುದನ್ನು ಗಮನಿಸಿದ ಫ್ರಾಯ್ಡ್ ಅದಕ್ಕೆ ಸಣ್ಣ ವ್ಯತ್ಯಾಸಗಳ ಆತ್ಮಮೋಹ ಎಂಬ ಅರ್ಥದ ಹೆಸರು ಕೊಟ್ಟ. ಅವನು ಯುರೋಪಿನವರನ್ನು ಕಂಡು ಹೇಳಿದ ಮಾತು, ನಮಗೂ ಹೊಂದುತ್ತದೆ.

ಕನ್ನಡದಲ್ಲಿ 'ನೆರೆ' ಎಂದರೆ ಪಕ್ಕದವರು. ಪ್ರವಾಹಕ್ಕೂ ನೆರೆ ಎಂದೇ ಹೇಳುತ್ತೇವೆ. ತಮಿಳಿನಲ್ಲಿ 'ವೆಳ್ಳಂ' ಎಂದರೆ ಪ್ರವಾಹ. ಮಲಯಾಳದಲ್ಲಿ ಅದೇ ಪದಕ್ಕೆ ಬರೀ ನೀರು ಎಂದರ್ಥ. ಒಬ್ಬನ ಕುಡಿಯುವ ಲೋಟದಲ್ಲಿರುವುದು ಅವನ ನೆರೆಯವನ ಕಿವಿಗೆ ಊರು ಮುಳುಗಿಸುವ ಹೊಳೆ. ಅಕ್ಕತಂಗಿಯರಂಥ ಭಾಷೆಗಳಲ್ಲೇ ಹೀಗಾದರೆ, ಒಂದೇ ನದಿಯನ್ನು ನೋಡುತ್ತಿರುವ ಇಬ್ಬರು ಒಂದೇ ನದಿಯನ್ನು ನೋಡುತ್ತಿದ್ದಾರೆ ಎಂದು ಹೇಗೆ ನಂಬುವುದು?

*

ಗಲಭೆ ತಣ್ಣಗಾದ ಮೇಲೆ ಒಂದು ರಾತ್ರಿ ನಾನು ಗೆಳೆಯನನ್ನು ಕೇಳಿದೆ: "ನಿಮ್ಮ ಕಡೆ ಕಾವೇರಿಗೆ ಹಬ್ಬ ಯಾವಾಗ ಮಾಡ್ತೀರಿ?"

ನಮಗೆ ಕಾವೇರಿಯ ಹಬ್ಬವೆಂದರೆ ತುಲಾ ಸಂಕ್ರಮಣ. ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯ ಪುಟ್ಟ ಕುಂಡಿಕೆಯಲ್ಲಿ ತೀರ್ಥ ಉಕ್ಕುವುದನ್ನು ನೋಡಲು ಜನ ಬೆಟ್ಟ ಹತ್ತುತ್ತಾರೆ. ಕೊಡವರಿಗಂತೂ ಆಕೆ ಕುಲದೇವಿ. ಅದು ಹುಟ್ಟಿನ ಹಬ್ಬ.

ಅವನು ಹೇಳಿದ ಹಬ್ಬ ಬೇರೆ. ಆಡಿ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಆಡಿ ಪೆರುಕ್ಕು. ಪೆರುಕ್ಕು ಎಂದರೆ ಉಕ್ಕಿ ಹೆಚ್ಚುವುದು. ಹೊಳೆಯಲ್ಲಿ ಹೊಸ ನೀರು ಏರುವ ಹೊತ್ತಿಗೆ ಹೆಂಗಸರು ದಡಕ್ಕೆ ಹೋಗಿ ಪೂಜೆ ಮಾಡುತ್ತಾರೆ. ಹುಳಿಯನ್ನ, ಮೊಸರನ್ನ ಎಂದು ಬಗೆಬಗೆಯ ಅನ್ನ ಕಲೆಸಿ ಅಲ್ಲೇ ಕೂತು ಉಣ್ಣುತ್ತಾರೆ. ಅದು ಬರವಿನ ಹಬ್ಬ. ತವರಿನಿಂದ ಬಂದವಳನ್ನು ಹೊಸಿಲಲ್ಲಿ ನಿಲ್ಲಿಸಿ ಆರತಿ ಎತ್ತಿದ ಹಾಗೆ.

"ನೀರು ಬರದ ವರ್ಷ?" ಎಂದೆ.

"ಮನೇಲೇ, ನಲ್ಲಿ ಹತ್ರ ಮಾಡ್ತಾರೆ" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅಮ್ಮ ಕೊಡದಲ್ಲಿ ನೀರು ತುಂಬಿಟ್ಟು ಅದಕ್ಕೇ ಅರಿಸಿನ ಕುಂಕುಮ ಹಚ್ಚಿದ್ದನ್ನು ಚಿಕ್ಕಂದಿನಲ್ಲಿ ಕಂಡಿದ್ದನಂತೆ.

ಒಂದೇ ನದಿ. ಮೇಲಿನವರಿಗೆ ಅದು ಹುಟ್ಟುವ ನದಿ, ಕೆಳಗಿನವರಿಗೆ ಬರುವ ನದಿ. ಹುಟ್ಟುವುದು ನಮ್ಮದು ಎನ್ನಿಸುವುದು ಸಹಜ, ಮಗುವಿನಂತೆ. ಬರುವುದು ಬಂದೇ ಬರಬೇಕು ಎನ್ನಿಸುವುದೂ ಸಹಜ, ಋತುವಿನಂತೆ. ಈ ಎರಡರ ನಡುವೆ ಅಣೆಕಟ್ಟು ಎದ್ದ ಮೇಲೆ ಮೂರನೆಯ ಕ್ರಿಯಾಪದ ಹುಟ್ಟಿತು: 'ಬಿಡುವುದು'. ತಮಿಳುನಾಡಿಗೆ ನೀರು ಬಿಡಲಾಯಿತು, ಬಿಡಬಾರದು, ಬಿಟ್ಟರೆ ಬಂದ್. ನಮ್ಮ ಪತ್ರಿಕೆಗಳ ಇಡೀ ಕಾವೇರಿ ಈ ಒಂದು ಕ್ರಿಯಾಪದದಲ್ಲಿ ಹರಿಯುತ್ತದೆ. ಬಿಡುವವನು ಎಂದರೆ ಕೈಯಲ್ಲಿ ಹಿಡಿದಿರುವವನು. ಬರಲಿ ಎಂದು ಕಾಯುವವನ ನುಡಿಯಲ್ಲಿ ಹಿಡಿದವರು ಯಾರೂ ಇಲ್ಲ, ಬಾರದ ನದಿ ಮಾತ್ರ ಇದೆ. ಹೀಗಾಗಿ ಇಬ್ಬರೂ ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದೇವೆ ಎಂದುಕೊಂಡು ಎರಡು ಬೇರೆ ವಾಕ್ಯಗಳನ್ನು ಕೂಗುತ್ತಿರುತ್ತಾರೆ.

ಪಂಚಾಂಗವೂ ಬೇರೆ. ಮೆಟ್ಟೂರು ಅಣೆಕಟ್ಟನ್ನು ಜೂನ್ 12ಕ್ಕೆ ತೆರೆಯುವುದು ವಾಡಿಕೆ. ಆ ನೀರನ್ನು ನಂಬಿ ಡೆಲ್ಟಾದಲ್ಲಿ ಕುರುವೈ ಎಂಬ ಅಲ್ಪಾವಧಿ ಭತ್ತ ಹಾಕುತ್ತಾರೆ. ಆಮೇಲಿನದು ಸಾಂಬಾ ಬೆಳೆ. ಅವರ ಊರಿನ ದೊಡ್ಡ ಮಳೆ ಅಕ್ಟೋಬರಿನ ಹಿಂಗಾರು. ಜೂನ್‌ನಲ್ಲಿ ಅವರ ಆಕಾಶದಲ್ಲಿ ಏನೂ ಇರುವುದಿಲ್ಲ, ಇರುವುದೆಲ್ಲ ಕೊಡಗಿನ ಆಕಾಶದಲ್ಲಿ. ನಮಗೋ, ಜೂನ್ ಎಂದರೆ ಮುಂಗಾರು ಈಗಷ್ಟೇ ಕಾಲಿಡುತ್ತಿರುವ ತಿಂಗಳು. ಕೃಷ್ಣರಾಜಸಾಗರ ಇನ್ನೂ ತಳ ಕಾಣುತ್ತಿರುತ್ತದೆ; ನಮ್ಮ ರೈತ ಆಗ ಕಟ್ಟೆಯ ಮಟ್ಟ ಎಷ್ಟು ಅಡಿ ಎಂದು ದಿನವೂ ಪತ್ರಿಕೆ ನೋಡುತ್ತಾನೆ. ಅವರ ಬಿತ್ತನೆಯ ದಿನ ನಮ್ಮ ಆತಂಕದ ದಿನ. "ಇನ್ನೂ ನಮಗೇ ಇಲ್ಲ, ಇವರು ಆಗಲೇ ಕೇಳುತ್ತಾರೆ" ಎಂದು ನಾವು. "ಕಾಲ ಮೀರಿದ ಮೇಲೆ ಕೊಟ್ಟು ಏನು ಫಲ" ಎಂದು ಅವರು. ಇಬ್ಬರೂ ದುರಾಸೆಯವರಲ್ಲ, ಬೇರೆ ಬೇರೆ ಮಳೆಗಾಲದವರು.

ಇಷ್ಟು ತಿಳಿಯುವುದಕ್ಕೆ ನನಗೆ ತತ್ವಶಾಸ್ತ್ರ ಬೇಕಾಗಲಿಲ್ಲ. ನಿಮ್ಮ ಹಬ್ಬ ಯಾವಾಗ, ನಿಮ್ಮ ಮಳೆ ಯಾವಾಗ ಎಂಬ ಎರಡು ಪ್ರಶ್ನೆ ಸಾಕಾಯಿತು. ಎರಡು ವರ್ಷ ಅವನ್ನು ಕೇಳಿರಲಿಲ್ಲ, ಅಷ್ಟೆ.

*

ಹಾಗಾದರೆ ಕೇಳಿದ ಮೇಲೆ ಏನು? ಇಲ್ಲಿ ನಮ್ಮ ಹಳೆಯ ಶಾಸ್ತ್ರಕಾರರ ಒಂದು ಕ್ರಮ ನೆನಪಾಗುತ್ತದೆ. ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ವಾದವನ್ನು ಪೂರ್ವಪಕ್ಷವೆಂದು ಮಂಡಿಸಬೇಕು. ಒಳ್ಳೆಯ ಗ್ರಂಥಕಾರ ಅದನ್ನು ಎಷ್ಟು ಬಲವಾಗಿ ಮಂಡಿಸುತ್ತಾನೆಂದರೆ ಓದುಗ ಕ್ಷಣಹೊತ್ತು ಅದೇ ಸರಿಯೆಂದು ನಂಬಿಬಿಡಬೇಕು. ಎದುರಾಳಿ ಸ್ವತಃ ಬಂದು ಕೇಳಿದರೆ "ಹೌದು, ನಾನು ಹೇಳುವುದು ಇದನ್ನೇ" ಎನ್ನಬೇಕು. ನೆರೆಯವರನ್ನು ಅರ್ಥಮಾಡಿಕೊಂಡಿದ್ದೇವೆಯೇ ಎಂದು ನೋಡಲು ನನಗೆ ತೋಚುವ ಒರೆಗಲ್ಲು ಇದೊಂದೇ. ಅವರ ಮೇಲೆ ಪ್ರೀತಿಯಿದೆಯೇ ಎಂಬುದು ಆಮೇಲಿನ ಪ್ರಶ್ನೆ. ಅವರ ವಾದವನ್ನು ಅವರು ತಲೆದೂಗುವಂತೆ ಹೇಳಲು ನಮಗೆ ಬರುತ್ತದೆಯೇ?

ಪ್ರಯತ್ನಿಸುತ್ತೇನೆ. ಕಾವೇರಿಗೆ ಅಡ್ಡಲಾಗಿ ಕಲ್ಲಣೈ ಕಟ್ಟಿದ್ದು ಚೋಳರ ಕರಿಕಾಲ ಎಂದು ಹೇಳುತ್ತಾರೆ. ಸುಮಾರು ಎರಡು ಸಾವಿರ ವರ್ಷದ ಮಾತು. ಅಂದಿನಿಂದ ಡೆಲ್ಟಾದ ಊರುಗಳು, ದೇವಸ್ಥಾನಗಳು, ಜಾತ್ರೆಗಳು, ಕೂಲಿಯವರ ಹೊಟ್ಟೆ ಎಲ್ಲವೂ ಆ ನೀರಿನ ಸುತ್ತ ಬೆಳೆದಿವೆ. ಇಷ್ಟು ಕಾಲ ಬಂದ ನೀರು ಬರಿಯ ನೀರಾಗಿ ಉಳಿಯುವುದಿಲ್ಲ, ಬದುಕಿನ ಕ್ರಮವಾಗುತ್ತದೆ. ಆಮೇಲೆ ಬಂದವರು ಮೇಲುಗಡೆ ಕಟ್ಟೆ ಕಟ್ಟಿ ಇನ್ನು ಮೇಲೆ ನಾವು ಉಳಿಸಿದಷ್ಟು ನಿಮಗೆ ಎಂದರೆ, ಅದು ಯಾವ ನ್ಯಾಯ?

ಇದು ಸುಳ್ಳು ವಾದವಲ್ಲ. ಈಗ ನಮ್ಮದು. ಮಳೆ ಬೀಳುವುದು ನಮ್ಮ ಬೆಟ್ಟಗಳ ಮೇಲೆ. ನಮ್ಮ ಹೊಲಗಳೂ ಹಸಿದಿದ್ದವು. ಆದರೆ 1892ರ ಒಪ್ಪಂದ ಮೈಸೂರಿನ ಕೈ ಕಟ್ಟಿತ್ತು. ಹೊಸ ನೀರಾವರಿ ಕೆಲಸಕ್ಕೆ ಮದರಾಸಿನ ಒಪ್ಪಿಗೆ ಬೇಕಿತ್ತು. 1924ರ ಒಪ್ಪಂದ ಕನ್ನಂಬಾಡಿಗೆ ದಾರಿ ಮಾಡಿದರೂ ಮಿತಿಗಳನ್ನು ಹೇರಿತು. ಒಂದು ಕಡೆ ಸಂಸ್ಥಾನ, ಇನ್ನೊಂದು ಕಡೆ ಬ್ರಿಟಿಷರು ನೇರವಾಗಿ ಆಳುತ್ತಿದ್ದ ಪ್ರಾಂತ; ಅದು ಸಮಾನರ ನಡುವಿನ ಮಾತುಕತೆಯಲ್ಲ. ಶುರುಮಾಡಲು ಬಿಡದೆ ಇದ್ದು, ಆಮೇಲೆ ನೀವು ತಡವಾಗಿ ಶುರುಮಾಡಿದವರು, ಆದ್ದರಿಂದ ನಿಮ್ಮ ಪಾಲು ಕಡಿಮೆ ಎಂದರೆ, ಅದು ಯಾವ ನ್ಯಾಯ?

ಒಂದು, ಬಳಸಿ ಬಾಳಿದವರ ನ್ಯಾಯ. ಇನ್ನೊಂದು, ಅವಕಾಶ ತಪ್ಪಿದವರ ನ್ಯಾಯ. ನ್ಯಾಯಕ್ಕೂ ಅನ್ಯಾಯಕ್ಕೂ ನಡೆಯುವ ಜಗಳಕ್ಕಿಂತ ನ್ಯಾಯಕ್ಕೂ ನ್ಯಾಯಕ್ಕೂ ನಡೆಯುವ ಜಗಳವೇ ನಿಜವಾದ ದುರಂತ ಎಂದು ಹೆಗೆಲ್ ಗ್ರೀಕ್ ನಾಟಕಗಳನ್ನು ಕುರಿತು ಹೇಳಿದ್ದು ಇಂಥ ಕಡೆ ಅರ್ಥವಾಗುತ್ತದೆ. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ ಎಂದು ಹಂಚಿತು. ಅಂತರರಾಜ್ಯ ನದಿಗೆ ಯಾವ ರಾಜ್ಯವೂ ಒಡೆಯನಲ್ಲ ಎಂದಿತು. ಕೋರ್ಟು ನೀರನ್ನು ಹಂಚಬಲ್ಲದು. ಎದುರಿನವರ ವಾದದಲ್ಲೂ ನ್ಯಾಯವಿದೆ ಎಂದು ನಮ್ಮ ಬಾಯಲ್ಲಿ ಹೇಳಿಸುವುದು ಅದರ ಕೆಲಸವಲ್ಲ.

ಆ ವಾದವನ್ನು ನಾವು ಬಾಯಿಬಿಟ್ಟು ಹೇಳಲಾರೆವೇ? ಹೇಳಿದ್ದೇವೆ, ಬೇರೆ ನದಿಯ ದಡದಲ್ಲಿ. ಕಾವೇರಿಯಲ್ಲಿ ಮೇಲಿನವರಾದ ನಾವು ಕೃಷ್ಣೆಯಲ್ಲಿ ಮಹಾರಾಷ್ಟ್ರಕ್ಕೆ ಕೆಳಗಿನವರು. ಬೇಸಿಗೆಯಲ್ಲಿ ಕೊಯ್ನಾದಿಂದ ಕುಡಿಯುವ ನೀರು ಬಿಡಿ ಎಂದು ಕೇಳಿಕೊಳ್ಳುವವರು ನಾವೇ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಮುಳುಗಿದಾಗ ಮಹಾರಾಷ್ಟ್ರ ನೀರು ಬಿಟ್ಟಿತು ಎಂದು ದೂರಿದವರೂ ನಾವೇ. ನೆರೆಯವರು ಬಿಟ್ಟ ನೀರು ನೆರೆಯಾಗಿ ಬಂತು. ಕೆಳಗಿನವನ ಅಳಲು ಹೇಗಿರುತ್ತದೆ ಎಂದು ತಿಳಿಯಲು ಕನ್ನಡಿಗ ತಂಜಾವೂರಿಗೆ ಹೋಗಬೇಕಿಲ್ಲ, ಅಥಣಿಗೆ ಹೋದರೆ ಸಾಕು.

ಅಷ್ಟು ದೂರವೂ ಬೇಕಿಲ್ಲ. ನಮ್ಮೂರೇ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ್ದು. ಮೇಲಿನ ಊರಿನವರು ರಾತ್ರಿ ತೂಬು ಎತ್ತುತ್ತಾರೆ, ನಮ್ಮವರೆಗೆ ನೀರು ತಲುಪುವುದಿಲ್ಲ ಎಂದು ನಮ್ಮ ತಾತ ಜೀವಮಾನವಿಡೀ ಬೈದವನು. "ಮುಂದ್ಲೋರು ಕುಡ್ದು ಬಿಟ್ಟ ಮ್ಯಾಕೆ ನಮ್ಗೆ ಎಂಜ್ಲು" ಎನ್ನುತ್ತಿದ್ದ. ಅದೇ ತಾತ ತಮಿಳುನಾಡಿನ ಮಾತು ಬಂದರೆ ಮೇಲಿನ ಊರಿನವರಂತೆಯೇ ಮಾತಾಡುತ್ತಿದ್ದ. ಈ ವಿರೋಧ ಅವನಿಗೆ ಹೊಳೆಯಲಿಲ್ಲ. ನನಗೂ ಆ ಎರಡು ಫೋನು ಕರೆಗಳನ್ನು ಪಕ್ಕಪಕ್ಕ ಇಟ್ಟು ನೋಡುವವರೆಗೆ ಹೊಳೆದಿರಲಿಲ್ಲ. ಅಂದು ಸಂಜೆ ಅಪ್ಪ "ನೀರು ಬಿಟ್ಟಿಲ್ಲ" ಅನ್ನಲಿಲ್ಲ. "ಬಂದಿಲ್ಲ" ಎಂದ. ಕಾಯುವವನ ಕ್ರಿಯಾಪದ. ಗೆಳೆಯನ ತಾಯಿಯದೂ ಅದೇ.

ನಮ್ಮ ಊರಲ್ಲಿ ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವವನು ನೀರುಗಂಟಿ. ತಮಿಳು ಊರುಗಳಲ್ಲಿ ಅವನನ್ನು ನೀರ್ಕಟ್ಟಿ ಎನ್ನುತ್ತಾರೆ. ಯಾರ ಸರದಿ ಮುಗಿಯಿತು, ಯಾರದು ಉಳಿಯಿತು ಎಂದು ಅವನು ಲೆಕ್ಕ ಇಡುತ್ತಾನೆ. ಜಗಳ ಇದ್ದೇ ಇರುತ್ತದೆ, ಆದರೂ ಬದುವಿನ ಆಚೆಯವನನ್ನು ಯಾರೂ ಬೇರೆ ದೇಶದವನೆಂದು ಕರೆಯುವುದಿಲ್ಲ.

*

ಇದನ್ನೆಲ್ಲ ಒಮ್ಮೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಕುರುವೈ, ಸಾಂಬಾ, ಜೂನ್ 12, ಕೊಡಕ್ಕೆ ಕುಂಕುಮ ಹಚ್ಚಿದ ತಾಯಿ, ಎಲ್ಲವನ್ನೂ. ಅಪ್ಪ ಪೂರ್ತಿ ಕೇಳಿದ. ಆಮೇಲೆ ಎಂದ: "ಪಾಪ, ಅವ್ರ ಕಷ್ಟ ಅವ್ರಿಗೆ. ಇಲ್ಲ ಅನ್ನಾಕಿಲ್ಲ. ಆದ್ರೆ ಅರ್ಥ ಮಾಡ್ಕಂಡ್ರೆ ಗದ್ದೆಗೆ ನೀರು ಬತ್ತದೇನ್ಲಾ?"

ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಬರೆಯುವ ಲೇಖನ ಅಪ್ರಾಮಾಣಿಕವಾಗುತ್ತದೆ. ಬರುವುದಿಲ್ಲ. ಅರ್ಥಮಾಡಿಕೊಂಡರೆ ಮಳೆ ಬೀಳುವುದಿಲ್ಲ. 2003ರಲ್ಲಿ ಎರಡೂ ರಾಜ್ಯಗಳ ರೈತರು ಚೆನ್ನೈಯಲ್ಲಿ ಸೇರಿ 'ಕಾವೇರಿ ಕುಟುಂಬ' ಎಂದು ಕಟ್ಟಿಕೊಂಡರು. ಇಲ್ಲಿನವರು ಅಲ್ಲಿಗೆ, ಅಲ್ಲಿನವರು ಇಲ್ಲಿಗೆ ಹೋಗಿ ಪರಸ್ಪರರ ಗದ್ದೆ ನೋಡಿದರು. ಹಲವು ಸಲ ಕೂತು ಮಾತಾಡಿದರು. ವಿವಾದ ಬಗೆಹರಿಯಲಿಲ್ಲ. ಕಡೆಗೆ ತೀರ್ಮಾನಿಸಿದ್ದು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟು. ಅರಿವಿನಿಂದ ಪರಿಹಾರ ತಾನಾಗಿ ಹುಟ್ಟುತ್ತದೆ ಎಂದು ನಂಬಿದವರಿಗೆ ಇದು ಸೋಲಿನಂತೆ ಕಾಣಬಹುದು.

ನನಗೆ ಹಾಗೆ ಕಾಣುವುದಿಲ್ಲ. ಗದ್ದೆಗೆ ನೀರು ಹಾಯಿಸುವುದು ತಿಳಿವಳಿಕೆಯ ಕೆಲಸವಲ್ಲ. ಜಗಳಕ್ಕೆ ಬದು ಕಟ್ಟುವುದು ಅದರ ಕೆಲಸ. ನೀರಿನ ಜಗಳ ನೀರಿನ ಜಗಳವಾಗಿಯೇ ಉಳಿಯಬೇಕು. ಅದು ಬದು ಒಡೆದು ಮನುಷ್ಯರ ಮೇಲೆ ನುಗ್ಗಬಾರದು. 1991ರ ಡಿಸೆಂಬರಿನಲ್ಲಿ, 2016ರ ಸೆಪ್ಟೆಂಬರಿನಲ್ಲಿ ಆದದ್ದು ಅದೇ. ಪೆಟ್ಟು ತಿಂದವರು ಕೂಲಿಯವರು, ಲಾರಿ ಡ್ರೈವರುಗಳು, ಹೋಟೆಲಿನವರು. ಅವರಲ್ಲಿ ಯಾರ ಕೈಯಲ್ಲೂ ಅಣೆಕಟ್ಟಿನ ಗೇಟು ಇರಲಿಲ್ಲ. ತಂಜಾವೂರಿನ ಗದ್ದೆಯನ್ನು ಕಂಡು ಬಂದ ಮಂಡ್ಯದ ರೈತ ತನ್ನ ಪಾಲಿನ ನೀರಿಗಾಗಿ ಇನ್ನೂ ಗಟ್ಟಿಯಾಗಿ ವಾದಿಸಬಹುದು, ವಾದಿಸಲಿ. ಆದರೆ ಬೆಂಗಳೂರಿನಲ್ಲಿ ಇಡ್ಲಿ ಮಾರುವ ತಮಿಳನೇ ತನ್ನ ನೀರು ಕದ್ದವನು ಎಂದು ಅವನಿಗೆ ಅನ್ನಿಸುವುದು ಕಷ್ಟ.

ಇದಕ್ಕಿಂತ ಅಗ್ಗವಾದ ಬಗೆಯೊಂದಿದೆ, ಅದು ನಮಗೆ ಹೆಚ್ಚು ಪರಿಚಿತ. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿತ್ತು. 2009ರ ಆಗಸ್ಟ್ 9ರಂದು ಮುಸುಕು ತೆಗೆದರು. ನಾಲ್ಕು ದಿನದ ಬಳಿಕ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಒಳ್ಳೆಯದೇ ಆಯಿತು. ಆದರೆ ಒಬ್ಬ ಎರಡು ಸಾಲಿನವನು, ಇನ್ನೊಬ್ಬ ಮೂರು ಸಾಲಿನವನು. ಅವರನ್ನು ಓದುವುದಕ್ಕೆ ಪ್ರತಿಮೆಯಷ್ಟು ಕಲ್ಲು, ಪೊಲೀಸು, ಒಪ್ಪಂದ ಯಾವುದೂ ಬೇಕಿರಲಿಲ್ಲ. ಮುಸುಕು ಹೊದ್ದ ಆ ಹದಿನೆಂಟು ವರ್ಷವೂ ಕುರಳ್ ಕನ್ನಡದಲ್ಲಿ ಇತ್ತು. ಎಲ್. ಗುಂಡಪ್ಪ ಮೊದಲಾದವರು ಬಹಳ ಹಿಂದೆಯೇ ಅನುವಾದಿಸಿದ್ದರು. ಪ್ರತಿಮೆಗೆ ಪ್ರತಿಮೆ ಕೊಡುವುದು ಸರ್ಕಾರಗಳ ನಡುವಿನ ಲೆಕ್ಕ. ಓದುವುದರಲ್ಲಿ ಲೆಕ್ಕವಿಲ್ಲ, ಅವರು ಸರ್ವಜ್ಞನನ್ನು ಓದಲಿ ಆಮೇಲೆ ನಾನು ಕುರಳ್ ಓದುತ್ತೇನೆ ಎಂದು ಯಾವ ಓದುಗನೂ ಕಾಯುವುದಿಲ್ಲ.

ನಿಜ ನೋಡಿದರೆ ನೆರೆಯವರು ಗಡಿಯ ಆಚೆ ಮಾತ್ರ ಇಲ್ಲ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಜನರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಮೇಲುಕೋಟೆಯ ಚೆಲುವನಾರಾಯಣನ ಮುಂದೆ ಇಂದಿಗೂ ಆಳ್ವಾರರ ತಮಿಳು ಪಾಶುರಗಳನ್ನು ಹೇಳುತ್ತಾರೆ. ಶ್ರೀರಂಗಪಟ್ಟಣದ ರಂಗನಾಥ ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂವರೂ ಒಂದೇ ಹೊಳೆಯ ನಡುಗಡ್ಡೆಗಳಲ್ಲಿ ಮಲಗಿದ್ದಾರೆ. ಕನ್ನಡ ನಾಡಿಗೆ ಮೊದಲು ಗಡಿ ಬರೆದುಕೊಟ್ಟ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗೆ ಎಂದಿತು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತು ಎಂಬರ್ಥದ ಮಾತನ್ನೂ ಅದೇ ಗ್ರಂಥ ಆಡಿತು. ಒಂಬತ್ತನೆಯ ಶತಮಾನದಲ್ಲಿ ಈ ಎರಡೂ ಮಾತು ಒಂದೇ ಪುಸ್ತಕದಲ್ಲಿ ಇರಬಹುದಾಗಿತ್ತು. ನಾವು ಮೊದಲನೆಯದನ್ನು ಬಾಯಿಪಾಠ ಮಾಡಿಕೊಂಡೆವು. ಎರಡನೆಯದನ್ನು ಪರೀಕ್ಷೆಗೆ ಬಿಟ್ಟೆವು.

ಗಲಭೆಯ ಮರುದಿನ ಬೆಳಗ್ಗೆ ನಗರದ ಕೆಲವು ಕಡೆ ಕರ್ಫ್ಯೂ ಇತ್ತು. ಕೆಲಸವಿಲ್ಲದೆ ಇಬ್ಬರೂ ಕೋಣೆಯಲ್ಲೇ ಇದ್ದೆವು. ಗೆಳೆಯ ನಲ್ಲಿಯಿಂದ ಬಾಟಲಿಗೆ ನೀರು ಹಿಡಿಯುತ್ತಿದ್ದ. ಅದೂ ಕಾವೇರಿಯೇ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪು ಮಾಡಿ ಏರಿಸಿ ತಂದದ್ದು. ನಮ್ಮಪ್ಪನ ಗದ್ದೆಗೆ ಬರದ, ಅವನ ತಾಯಿಯ ಊರಿಗೆ ಬರದ ನದಿ ಬೆಂಗಳೂರಿನ ನಲ್ಲಿಗೆ ತಪ್ಪದೆ ಬರುತ್ತಿತ್ತು, ನಮ್ಮಿಬ್ಬರಿಗೂ. ಬಾಟಲಿ ತುಂಬಿದ ಮೇಲೆ ಅವನು ಮೊದಲು ನನ್ನ ಕಡೆ ಚಾಚಿದ.

ಕಿಟಕಿ ಇನ್ನೂ ಮುಚ್ಚಿಯೇ ಇತ್ತು. ನೀರು ಕುಡಿದು ಬಾಟಲಿ ವಾಪಸ್ಸು ಕೊಟ್ಟು, ಹೋಗಿ ಅದನ್ನು ತೆರೆದೆ. ಅವನು ಅಮ್ಮನಿಗೆ ಫೋನು ಹಚ್ಚಿದ.